ದಾಸವಾಳದ ಯಜಮಾನರು

ದಾಸವಾಳದ ಯಜಮಾನರು ಬೆಂಗಳೂರಿನ ಜಯನಗರ, ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂ, ಕುವೆಂಪುನಗರಗಳಂಥ ಬಡಾವಣೆಗಳಲ್ಲಿ ಹೇರಳವಾಗಿ ಸಿಗುವ ವರ್ಗ. ವಯಸ್ಸು ಅರವತ್ತು ದಾಟಿರುತ್ತದೆ. ಬ್ಯಾಂಕಿನಿಂದಲೋ, ಪಿಡಬ್ಲ್ಯುಡಿಯಿಂದಲೋ, ಯಾವುದಾದರೂ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದಲೋ ನಿವೃತ್ತರಾಗಿರುತ್ತಾರೆ. ಕೆಳಗಿನ ಮನೆ ಬಾಡಿಗೆಗೆ, ಮೇಲಿನದು ಸ್ವಂತಕ್ಕೆ. ಆದರೆ ಹುಡುಕಿಕೊಂಡು ಹೋದವರಿಗೆ ಅವರು ಸಿಗುವುದು ಅದಕ್ಕೂ ಮೇಲೆ, ತಾರಸಿಯಲ್ಲಿ. ತಲೆಗೆ ಹಳೇ ಟವೆಲು, ಕೈಯಲ್ಲಿ ಸ್ಪ್ರೇ ಬಾಟಲಿ, ಮೂಗಿನ ತುದಿಯಲ್ಲಿ ಕನ್ನಡಕ.

ಗೇಟಿನ ಪಕ್ಕ ಒಂದು ಕೆಂಪು ದಾಸವಾಳ ಇಟ್ಟುಕೊಂಡಿರುವ ಸಾಮಾನ್ಯ ಗೃಹಸ್ಥರನ್ನು ಈ ವರ್ಗಕ್ಕೆ ಸೇರಿಸಬಾರದು. ಗೇಟಿನ ಗಿಡಕ್ಕೆ ಯಜಮಾನರೆಂಬುವರೇ ಇಲ್ಲ. ಅದನ್ನು ನೆಟ್ಟವರು ಯಾರೆಂದು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ನೀರು ಹಾಕುವುದು ಮಳೆ, ರೆಂಬೆ ಸವರುವುದು ಬೀದಿ ಹಸು, ಮತ್ತೆ ವರ್ಷಕ್ಕೊಮ್ಮೆ ಏಣಿ ಹಾಕಿಕೊಂಡು ಬರುವ ಲೈನ್‌ಮನ್. ಹಾಗಿದ್ದೂ ಅದು ಹನ್ನೆರಡು ತಿಂಗಳೂ ಹೂ ಬಿಡುತ್ತದೆ. ತಾರಸಿಯ ಯಜಮಾನರು ಈ ವಿಷಯವನ್ನು ಸಾಮಾನ್ಯವಾಗಿ ಚರ್ಚೆಗೆ ತೆಗೆದುಕೊಳ್ಳುವುದಿಲ್ಲ.

ಬದಲಿಗೆ ಅವರು ಶಾಸ್ತ್ರಕ್ಕೆ ಹೋಗುತ್ತಾರೆ. ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್, ಅಂದರೆ ಚೀನಾದ ಗುಲಾಬಿ, ಎಂದು ಹೆಸರಿಟ್ಟದ್ದು, ಮಲೇಷ್ಯಾ 1960ರಲ್ಲಿ ಇದನ್ನು ರಾಷ್ಟ್ರೀಯ ಪುಷ್ಪವಾಗಿ ಆರಿಸಿಕೊಂಡದ್ದು, ಹತ್ತಿಯೂ ಬೆಂಡೆಯೂ ಇದರದೇ ಕುಟುಂಬದವು ಎಂಬುದು, ಇಷ್ಟನ್ನು ಅವರ ಮನೆಗೆ ಬಂದವರು ಕಾಫಿ ಬರುವ ಮೊದಲೇ ತಿಳಿದುಕೊಳ್ಳಬೇಕಾಗುತ್ತದೆ. ಊಟದ ಎಲೆಯಲ್ಲಿ ಬೆಂಡೆಕಾಯಿ ಪಲ್ಯ ಬಿದ್ದ ದಿನವಂತೂ ಪಾಠ ತಪ್ಪಿದ್ದಲ್ಲ. ಬೆಂಡೆಯ ಹೂ ನೋಡಿದ್ದೀರಾ, ಅದೇ ಐದು ದಳ, ನಡುವೆ ಅದೇ ಕಂಬ, ಕಂಬದ ಸುತ್ತ ಕೇಸರ, ತುದಿಯಲ್ಲಿ ಐದು ಶಲಾಕೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಸೊಸೆ ಅದೇ ಹೂವನ್ನು ಬ್ಲೇಡಿನಲ್ಲಿ ಸೀಳಿ ರೆಕಾರ್ಡು ಪುಸ್ತಕದಲ್ಲಿ ಚಿತ್ರ ಬರೆದವಳು. ಆದರೂ ಸುಮ್ಮನೆ ಪಲ್ಯ ಬಡಿಸುತ್ತಾಳೆ.

ಈ ಹುಚ್ಚು ಹಿಡಿಯುವ ಜಾಗ ಬಹುಮಟ್ಟಿಗೆ ಲಾಲ್‌ಬಾಗು. ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಮನೆಯವರ ಬಲವಂತಕ್ಕೆ ಹೋದವರು, ಗಾಜಿನ ಮನೆಯ ನೂಕುನುಗ್ಗಲಿನಲ್ಲಿ ಬೆವೆತು ಹೊರಬಂದು, ನರ್ಸರಿ ಮಳಿಗೆಯ ಮುಂದೆ ನಿಂತುಬಿಡುತ್ತಾರೆ. ಅಲ್ಲಿ ಒಂದೂವರೆ ಅಡಿ ಎತ್ತರದ ಗಿಡದಲ್ಲಿ ತಿಂಡಿ ತಟ್ಟೆಯಗಲದ ಹಳದಿ ಹೂ, ನಡುವೆ ಕಡುಗೆಂಪು ಕಣ್ಣು. ನರ್ಸರಿಯವನು ಒಂದೇ ಮಾತು ಹೇಳುತ್ತಾನೆ: 'ಹೈಬ್ರಿಡ್ ಸಾರ್, ಮೇಂಟೆನೆನ್ಸೇ ಇಲ್ಲ.' ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ಅನುಮಾನದಿಂದ ನೋಡಿದ ಮನುಷ್ಯ ಈ ಮಾತನ್ನು ಮರುಪ್ರಶ್ನೆ ಇಲ್ಲದೆ ನಂಬುತ್ತಾರೆ.

ಮನೆಗೆ ಬಂದ ವಾರದೊಳಗೆ ಮೊಗ್ಗುಗಳೆಲ್ಲ ಉದುರುತ್ತವೆ. ಜಾಗ ಬದಲಾದರೆ, ಬಿಸಿಲು ಹೆಚ್ಚುಕಡಿಮೆಯಾದರೆ, ನೀರು ಒಂದು ದಿನ ತಪ್ಪಿದರೆ ಮೊಗ್ಗು ಕಳಚಿಕೊಳ್ಳುವುದು ಈ ಗಿಡದ ಹುಟ್ಟುಗುಣ. ಆಮೇಲೆ ಗಿಡ ಸರಸರನೆ ಉದ್ದಕ್ಕೆ ಎದ್ದು, ಗೆಣ್ಣುಗಳ ನಡುವಿನ ಅಂತರ ದೊಡ್ಡದಾಗುತ್ತದೆ. ಮಾರಾಟದ ಗಿಡ ಪುಟ್ಟದಾಗಿ, ಒತ್ತೊತ್ತಾಗಿ ಕಾಣಲಿ ಎಂದು ಬೆಳೆಗಾರರು ಬೆಳವಣಿಗೆ ತಡೆಯುವ ಔಷಧ ಕೊಡುವುದುಂಟು. ಅದರ ಪ್ರಭಾವ ಇಳಿದಾಗ ಗಿಡ ತನ್ನ ನಿಜರೂಪಕ್ಕೆ ಬರುತ್ತದೆ. ಬಣ್ಣವೂ ನಿಲ್ಲುವುದಿಲ್ಲ. ಬೇಸಿಗೆಯ ಬಿಸಿಲಿಗೂ ಚಳಿಗಾಲದ ತಂಪಿಗೂ ಒಂದೇ ಗಿಡದ ಹೂ ಬೇರೆ ಬೇರೆ ಛಾಯೆ ತಳೆಯುತ್ತದೆ. ಹಾಗಾಗಿ ಯಜಮಾನರು ಕುಂಡಕ್ಕೆ ಸಿಕ್ಕಿಸಿದ ಹೆಸರಿನ ಪಟ್ಟಿಯನ್ನು ವರ್ಷಕ್ಕೆ ಎರಡು ಬಾರಿ ಅಳಿಸಿ ಬರೆಯುತ್ತಾರೆ.

ಮಣ್ಣಿನ ವಿಷಯದಲ್ಲಿ ಅವರ ಜ್ಞಾನ ಗಟ್ಟಿಯಾದದ್ದೇ. ಕೆಮ್ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಕೋಕೋಪೀಟ್, ಒಂದು ಹಿಡಿ ಬೇವಿನ ಹಿಂಡಿ, ಕುಂಡದ ತಳದಲ್ಲಿ ನೀರು ಬಸಿಯಲು ತೂತು. ತೂತು ಮುಚ್ಚಿಕೊಂಡರೆ ಬೇರು ಕೊಳೆಯುತ್ತದೆ, ತೆರೆದಿದ್ದರೆ ಕೆಳಮನೆಯ ಬಾಡಿಗೆದಾರರ ಅಟ್ಟದ ಗೋಡೆ ತೇವವಾಗುತ್ತದೆ. ಎರಡರಲ್ಲಿ ಯಾವುದು ಹೆಚ್ಚಿನ ಅನಾಹುತ ಎಂಬುದರಲ್ಲಿ ಅವರಿಗೆ ಗೊಂದಲವಿಲ್ಲ.

ಗೊಬ್ಬರ ಮಾತ್ರ ಅಡುಗೆಮನೆಯ ಗಡಿ ದಾಟಿ ಬರುವ ವಿಷಯ. ಅಕ್ಕಚ್ಚು, ಕಾಫಿ ಚರಟ, ಮೊಸರು ಹುಳಿಯಾದರೆ ಮಜ್ಜಿಗೆ, ಎಲ್ಲವೂ ತಾರಸಿಗೆ. ದಾಸವಾಳ ಪೊಟ್ಯಾಷ್ ಬೇಡುವ ಗಿಡ, ರಂಜಕ ಅತಿಯಾದರೆ ಒಗ್ಗದು ಎಂದು ಎಲ್ಲೋ ಓದಿದ ದಿನದಿಂದ ಬಾಳೆಹಣ್ಣಿನ ಸಿಪ್ಪೆ ಬಕೆಟ್ಟಿನಲ್ಲಿ ನೆನೆಯತೊಡಗುತ್ತದೆ. ಮೂರನೇ ದಿನ ಆ ಬಕೆಟ್ಟಿನ ವಾಸನೆ ಮೆಟ್ಟಿಲಿಳಿದು ಬರುತ್ತದೆ. ಸಿಪ್ಪೆ ಸಾಲದೆ ಬಂದಾಗ ಮನೆಯವರಿಗೆಲ್ಲ ಊಟವಾದ ಮೇಲೆ ಎರಡೆರಡು ಹಣ್ಣು ತಿನ್ನುವ ಕಟ್ಟಳೆ ಬೀಳುತ್ತದೆ. 'ರೀ, ಈ ವಾರದ ಬಾಳೆಹಣ್ಣು ತಂದಿದ್ದು ನಮಗೋ ಗಿಡಕ್ಕೋ?' ಎಂದು ಹೆಂಡತಿ ಕೇಳುವುದು ಈ ಹಂತದಲ್ಲೇ.

ಎಲೆ ಹಳದಿಯಾಗುವುದು ಯಜಮಾನರ ಬದುಕಿನ ದೊಡ್ಡ ಸಮಸ್ಯೆ, ಏಕೆಂದರೆ ದಾಸವಾಳದ ಎಲೆ ಎಲ್ಲ ಕಾರಣಕ್ಕೂ ಹಳದಿಯಾಗುತ್ತದೆ. ನೀರು ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವವರ ಮನೆಯಲ್ಲಿ ಇದು ಸಾಮಾನ್ಯ, ಮಣ್ಣು ಕ್ಷಾರವಾದಾಗ ಅದರಲ್ಲಿರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ಬುಡದ ಹಳೇ ಎಲೆಯಲ್ಲಿ ಅದೇ ಲಕ್ಷಣ ಕಂಡರೆ ಮೆಗ್ನೀಷಿಯಂ, ಅದಕ್ಕೆ ಎಪ್ಸಮ್ ಸಾಲ್ಟ್. ಇದೇನೂ ಅಲ್ಲದೆ ವಯಸ್ಸಾದ ಎಲೆ ತಾನಾಗಿ ಹಳದಿಯಾಗಿ ಬೀಳುವುದೂ ಉಂಟು. ಹೀಗೆ ಬಿಡಿಸಿ ಬಿಡಿಸಿ ನೋಡುವ ತಾಳ್ಮೆ ಯಜಮಾನರಿಗಿಲ್ಲ. ಒಂದೇ ಎಲೆ ಹಳದಿಯಾದರೆ ಬೆಳಿಗ್ಗೆ ಕಬ್ಬಿಣ, ಮಧ್ಯಾಹ್ನ ಎಪ್ಸಮ್ ಸಾಲ್ಟ್, ಸಂಜೆ ಕುಂಡದ ಜಾಗ ಬದಲು. ಗಿಡ ಚೇತರಿಸಿಕೊಂಡಾಗ ಯಾವುದು ನಾಟಿತೆಂದು ತಿಳಿಯುವುದಿಲ್ಲ, ಆದ್ದರಿಂದ ಮುಂದಿನ ಸಲವೂ ಮೂರನ್ನೂ ಮಾಡಬೇಕಾಗುತ್ತದೆ.

ಅವರನ್ನು ಹತ್ತಿರದಿಂದ ನೋಡಬೇಕೆನ್ನುವವರು ಹಿಟ್ಟು ತಿಗಣೆಯ ಕಾಲದಲ್ಲಿ, ಅಂದರೆ ಮಾರ್ಚ್ ಏಪ್ರಿಲ್‌ನಲ್ಲಿ, ಸಂಜೆ ಐದೂವರೆಗೆ ತಾರಸಿ ಹತ್ತಬೇಕು. ಯಜಮಾನರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿರುತ್ತಾರೆ. ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಒಂದು ಮೊಗ್ಗು, ಬಲಗೈಯಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿ, ಪಕ್ಕದಲ್ಲಿ ಸ್ಪಿರಿಟ್ಟಿನ ಮುಚ್ಚಳ. ಮೊಗ್ಗಿನ ಕತ್ತಿನಲ್ಲಿ, ಪುಟ್ಟ ಹಸಿರು ದಳಗಳ ಸಂದಿಯಲ್ಲಿ, ಬೂಷ್ಟಿನಂಥ ಬಿಳಿ ಅಂಟು. ಕಡ್ಡಿ ತಾಗಿಸಿದೊಡನೆ ಬಿಳಿ ಕರಗಿ ಒಳಗಿಂದ ನಸುಗುಲಾಬಿ ಬಣ್ಣದ ಹುಳು ಕಾಣಿಸಿಕೊಳ್ಳುತ್ತದೆ. ಆ ಬಿಳಿ ಮೇಣದ ಹೊದಿಕೆಯಿಂದಾಗಿಯೇ ಬರೀ ನೀರು ಹೊಡೆದರೆ ಜಾರಿಹೋಗುತ್ತದೆ, ಲೀಟರಿಗೆ ಐದು ಮಿಲಿ ಬೇವಿನೆಣ್ಣೆಗೆ ಒಂದೆರಡು ತೊಟ್ಟು ಸೋಪು ಬೆರೆಸಬೇಕಾಗುತ್ತದೆ. ಅದನ್ನೂ ಬಿಸಿಲಿಳಿದ ಮೇಲೆ ಹೊಡೆಯಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಯಜಮಾನರಿಗೆ ನಿಜವಾದ ಸಿಟ್ಟು ಹುಳುವಿನ ಮೇಲಲ್ಲ, ಇರುವೆಯ ಮೇಲೆ. ತಿಗಣೆ ಒಸರುವ ಸಿಹಿನೀರಿನ ಆಸೆಗೆ ಇರುವೆಗಳು ಅದಕ್ಕೆ ಕಾವಲು ಕಾಯುತ್ತವೆ, ಶತ್ರುಕೀಟಗಳನ್ನು ಓಡಿಸುತ್ತವೆ. ಇಂಥ ಒಳಒಪ್ಪಂದಗಳನ್ನು ಅವರು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದಾರೆ. ಆಗ ಏನೂ ಮಾಡಲಾಗಲಿಲ್ಲ, ಈಗ ಕುಂಡದ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. 'ಅಜ್ಜ, ನನ್ನ ಹೋಮ್‌ವರ್ಕಿಗೆ ಕೂತ್ಕೊಳ್ತೀಯಾ?' ಎಂದು ಮೊಮ್ಮಗಳು ಮೆಟ್ಟಿಲ ಬಾಗಿಲಿಂದ ಕೂಗಿದರೆ, 'ಇನ್ನೆರಡು ಮೊಗ್ಗು ಪುಟ್ಟಿ' ಎಂಬ ಉತ್ತರ ಬರುತ್ತದೆ. ಗಿಡದಲ್ಲಿರುವ ಮೊಗ್ಗು ನಲವತ್ತಕ್ಕೆ ಕಡಿಮೆಯಿಲ್ಲ.

ಇಷ್ಟೆಲ್ಲ ಆದ ಮೇಲೆ ಹೂ ಅರಳುತ್ತದೆ. ನಾಟಿ ದಾಸವಾಳದ ಹೂವಿನ ಆಯಸ್ಸು ಒಂದೇ ದಿನ. ಬೆಳಿಗ್ಗೆ ಬಿಚ್ಚಿಕೊಂಡದ್ದು ಸಂಜೆ ಕತ್ತಲಿಗೆ ಸುರುಳಿ ಸುತ್ತಿ, ಮರುದಿನ ಬುಡದಲ್ಲಿ ಬಿದ್ದಿರುತ್ತದೆ. ಹೈಬ್ರಿಡ್ಡುಗಳಲ್ಲಿ ಕೆಲವು ಎರಡು ಮೂರು ದಿನ ತಡೆಯುತ್ತವೆ. ಅರಳಿದ ದಿನ ಏಳು ಗಂಟೆಯೊಳಗೆ ಫೋಟೊ ಮೂರು ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುತ್ತದೆ. ಹಳೇ ಸಹೋದ್ಯೋಗಿಗಳು ಕೈಮುಗಿದ ಚಿತ್ರ ಹಾಕುತ್ತಾರೆ. ನೆಂಟರ ಗುಂಪಿನಲ್ಲಿ ಶಿವಮೊಗ್ಗದ ಭಾವಮೈದ 'ಭಾವ, ಪ್ಲಾಸ್ಟಿಕ್ಕಾ?' ಎಂದು ಕೇಳುತ್ತಾನೆ. ಗಿಡದವರ ಗುಂಪಿನಲ್ಲಿ ಮಾತ್ರ ಯಾರೂ ಏನೂ ಹೇಳುವುದಿಲ್ಲ, ತಂತಮ್ಮ ಹೂವಿನ ಫೋಟೊ ಹಾಕುತ್ತಾರೆ.

ಅಂದು ಸಂಕಷ್ಟಿಯಾಗಿದ್ದರೆ ಮನೆಯೊಳಗೆ ಮಾತು ಬೆಳೆಯುತ್ತದೆ. ಗಣಪತಿಗೆ ಕೆಂಪು ದಾಸವಾಳ ಪ್ರಿಯ, ತಾರಸಿಯಲ್ಲಿ ಕೆಂಪು ಹೈಬ್ರಿಡ್ಡು ಅರಳಿದೆ.

'ರೀ, ಒಂದೇ ಒಂದು ಹೂ ಕೊಡಿ. ದೇವರ ತಲೆ ಮೇಲಿಡೋಕೆ.'

'ಅದು ಆ ಗಿಡದ ಮೊದಲ್ನೇ ಹೂ ಕಣೇ. ಇರಲಿ ಬಿಡು.'

'ಸಾಯಂಕಾಲಕ್ಕೆ ಮುದುಡಿ ಬಿದ್ದೇಹೋಗತ್ತಲ್ರೀ!'

'ಬೀಳಲಿ. ತಾನಾಗಿ ಬೀಳಲಿ.'

ಹೂವಿನವಳು ಬೀದಿಯಲ್ಲಿ ಕೂಗುವುದು ಕೇಳಿಸುತ್ತದೆ. ಹೆಂಡತಿ ಚಿಲ್ಲರೆ ಹಿಡಿದು ಕೆಳಗಿಳಿಯುತ್ತಾರೆ. ಮೂವತ್ತೆರಡು ಕುಂಡ ದಾಸವಾಳವಿರುವ ಮನೆಯ ದೇವರು ಈ ರೀತಿ ಎಲೆಯಲ್ಲಿ ಕಟ್ಟಿದ ದಾಸವಾಳದ ಮೊಗ್ಗನ್ನು ದುಡ್ಡು ಕೊಟ್ಟು ಮುಡಿದುಕೊಳ್ಳುತ್ತಾನೆ. ಇದರಲ್ಲಿ ವಿರೋಧಾಭಾಸವೇನೂ ಯಜಮಾನರಿಗೆ ಕಾಣುವುದಿಲ್ಲ.

ಹಿಟ್ಟು ತಿಗಣೆ, ಬಿಳಿ ನೊಣ, ಗಿಡಹೇನುಗಳಿಗಿಂತ ಅವರು ಹೆಚ್ಚು ದ್ವೇಷಿಸುವ ಜೀವಿ ಬೆಳಗಿನ ವಾಕಿಂಗಿಗೆ ಬರುವ ಭಕ್ತ. ಸಮಯ ಐದೂವರೆಯಿಂದ ಆರೂಕಾಲು, ಗುರುತು ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಮತ್ತು ಮಳೆಯಿಲ್ಲದಿದ್ದರೂ ಕೊಕ್ಕೆಹಿಡಿಯ ಕೊಡೆ. ಕೊಡೆಯ ಕೊಕ್ಕೆ ಕಾಂಪೌಂಡಿನಾಚೆಯ ಕೊಂಬೆಯನ್ನು ಬಾಗಿಸುತ್ತದೆ, ಅರೆಬಿರಿದ ಮೊಗ್ಗು ಕವರಿಗಿಳಿಯುತ್ತದೆ. ಸಿಕ್ಕಿಬಿದ್ದರೂ ಈತ ಓಡುವುದಿಲ್ಲ. 'ದೇವರಿಗೆ ತಾನೇ ಸಾರ್, ಪುಣ್ಯದಲ್ಲಿ ಅರ್ಧ ನಿಮಗೂ ಬರತ್ತೆ' ಎನ್ನುತ್ತಾನೆ. ತಾರಸಿಯ ಹೈಬ್ರಿಡ್ಡುಗಳಿಗೆ ಇವನ ಕೊಕ್ಕೆ ಎಟಕುವುದಿಲ್ಲ, ಹೋಗುವುದೇನಿದ್ದರೂ ಗೇಟಿನ ಕೆಂಪು ದಾಸವಾಳ. ತಾವು ತಿರುಗಿಯೂ ನೋಡದ ಆ ಗಿಡದ ಪರವಾಗಿ ಯಜಮಾನರು ಎದ್ದು ನಿಲ್ಲುವುದು ಆಗ ಮಾತ್ರ. ಮರುದಿನವೇ ಬೋರ್ಡು ಬರುತ್ತದೆ: 'ಹೂ ಕೀಳಬಾರದು. ಸಿಸಿಟಿವಿ ಇದೆ.' ಸಿಸಿಟಿವಿ ಇರುವುದಿಲ್ಲ.

ಈ ಯಜಮಾನರೂ ವಾಕಿಂಗಿಗೆ ಹೋಗುವವರೇ. ಅವರ ಪ್ಯಾಂಟಿನ ಜೇಬಿನಲ್ಲಿ ಒಂದು ಪುಟ್ಟ ಕತ್ತರಿ ಇರುತ್ತದೆ. ಅಪರಿಚಿತ ಬೀದಿಯಲ್ಲಿ ಜುಮಕಿ ದಾಸವಾಳವೋ ಅಪರೂಪದ ಕೇಸರಿ ಬಣ್ಣದ್ದೋ ಕಂಡರೆ, ಆಚೀಚೆ ನೋಡಿ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಕತ್ತರಿಸಿ ಜೇಬಿಗಿಳಿಸುತ್ತಾರೆ. ಹೂ ಕೀಳುವುದು ಕಳ್ಳತನ, ಕಡ್ಡಿ ತರುವುದು ತಳಿ ಸಂರಕ್ಷಣೆ ಎಂಬುದು ಈ ವರ್ಗದ ಒಮ್ಮತದ ನಿಲುವು. ತಂದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮಳೆಗಾಲದಲ್ಲಿ ನೆರಳಿಗೆ ನೆಟ್ಟರೆ ನಾಲ್ಕಾರು ವಾರಕ್ಕೆ ಬೇರು ಬರುತ್ತದೆ. ನಾಟಿ ತಳಿ ಹೇಗೆ ನೆಟ್ಟರೂ ಹತ್ತುತ್ತದೆ, ದೊಡ್ಡ ಹೂವಿನ ಹೈಬ್ರಿಡ್ಡು ಮುನಿಸಿಕೊಳ್ಳುತ್ತದೆ.

ಅದಕ್ಕಾಗಿಯೇ ನರ್ಸರಿಗಳು ಹೈಬ್ರಿಡ್ಡನ್ನು ಗಟ್ಟಿಮುಟ್ಟಾದ ನಾಟಿ ದಾಸವಾಳದ ಬುಡಕ್ಕೆ ಕಸಿ ಕಟ್ಟುತ್ತವೆ. ಕಸಿಯ ಗಂಟಿನ ಕೆಳಗಿಂದ ಬರುವ ಚಿಗುರನ್ನು ಆಗಾಗ ಚಿವುಟಬೇಕು, ಅದು ನಾಟಿಯದು. ಯಜಮಾನರ ಕೈ ಇಲ್ಲಿ ನಡುಗುತ್ತದೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆಗಾಗ ಸವರಿದರೆ ಮಾತ್ರ ಕವಲು ಹೆಚ್ಚುತ್ತದೆ ಎಂದು ಊರಿಗೆಲ್ಲ ಹೇಳುವವರು ತಮ್ಮ ಗಿಡಕ್ಕೆ ಕತ್ತರಿ ಹಾಕುವವರಲ್ಲ. ಕೆಳಗಿನ ಚಿಗುರು ದಪ್ಪವಾಗಿ ಬಂದಷ್ಟೂ ಅವರಿಗೆ ಸಂತೋಷ. 'ನೋಡ್ರೀ, ಎಪ್ಸಮ್ ಸಾಲ್ಟ್ ಎಫೆಕ್ಟು.' ಒಂದೆರಡು ವರ್ಷದಲ್ಲಿ ಬುಡದ ಚಿಗುರು ಇಡೀ ಕುಂಡ ಆವರಿಸಿ, ಸಾರವನ್ನೆಲ್ಲ ತಾನೇ ಹೀರಿ, ಮೇಲಿನ ಹೈಬ್ರಿಡ್ಡನ್ನು ಒಣಗಿಸಿಬಿಡುತ್ತದೆ. ಹಳದಿ ಹೂವಿನ ನಿರೀಕ್ಷೆಯಲ್ಲಿದ್ದ ತಾರಸಿಯಲ್ಲಿ ಒಂದು ಬೆಳಿಗ್ಗೆ ಐದು ದಳದ ಕೆಂಪು ದಾಸವಾಳ ಅರಳುತ್ತದೆ, ಗೇಟಿನದ್ದೇ ಜಾತಿ, ಅದೇ ಕೆಂಪು. ಯಜಮಾನರು ಇದನ್ನು ಮ್ಯುಟೇಶನ್ ಎಂದು ಗುಂಪಿನಲ್ಲಿ ಹಾಕುತ್ತಾರೆ. ಹೆಂಡತಿ ಆ ಕುಂಡದ ಹೂವನ್ನು ಯಾರನ್ನೂ ಕೇಳದೆ ಕಿತ್ತು ಗಣಪತಿಗೇರಿಸಲು ಶುರುಮಾಡುತ್ತಾರೆ. ಮಿಕ್ಕ ಎಲೆ ಅರೆದು ಭಾನುವಾರ ತಲೆಗೆ ಹಚ್ಚಿಕೊಳ್ಳುತ್ತಾರೆ. ಯಾರೂ ಆಕ್ಷೇಪಿಸುವುದಿಲ್ಲ.

ಪ್ರಯಾಣ ಈ ವರ್ಗಕ್ಕೆ ಒಗ್ಗದು. ಮದುವೆಗೆ ಹೋದರೂ ರಾತ್ರಿ ಬಸ್ಸಿಗೆ ಮರಳುತ್ತಾರೆ. ನ್ಯೂಜೆರ್ಸಿಯ ಮಗಳ ಬಾಣಂತನಕ್ಕೆ ಹೆಂಡತಿಯೊಂದಿಗೆ ಹೋಗಲೇಬೇಕಾದಾಗ ಕೆಳಮನೆಯ ಹುಡುಗನಿಗೆ ನಾಲ್ಕು ಪುಟದ ಸೂಚನೆ ಬರೆದುಕೊಡುತ್ತಾರೆ. ಅಲ್ಲಿ ಬೇಸಿಗೆಯಲ್ಲಿ ಅಂಗಡಿಯ ಮುಂದೆ ದಾಸವಾಳದ ಕುಂಡ ಕಂಡು ಅಳಿಯನ ಕೈಲಿ ಒಂದು ಕೊಳ್ಳಿಸುತ್ತಾರೆ. ಹಿಮ ಬೀಳುವ ಚಳಿಗೆ ಅದು ಹೊರಗೆ ಬದುಕುವುದಿಲ್ಲ, ಅಕ್ಟೋಬರಿಗೆ ಮನೆಯೊಳಗೆ ಕಿಟಕಿಯ ಪಕ್ಕ ಬರಬೇಕು, ಒಳಗೆ ಬಂದ ಮೇಲೆ ಅದಕ್ಕೆ ಬಿಳಿ ನೊಣ ಹತ್ತುತ್ತದೆ. ಯಜಮಾನರು ವಾಪಸು ಬಂದಾಗ ಹುಡುಗನ ಸೂಚನೆಯ ಪುಟಗಳು ಮಡಿಸಿದಂತೆಯೇ ಇರುತ್ತವೆ. ಗಿಡಗಳು ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟಿರುತ್ತವೆ. ಎರಡು ದಿನಕ್ಕೊಮ್ಮೆ ನೀರು ಹಾಕಿದೆ ಅಂಕಲ್, ಇನ್ನೇನೂ ಮಾಡಲಿಲ್ಲ ಎಂದು ಹುಡುಗ ಹೆದರುತ್ತ ಹೇಳುತ್ತಾನೆ. ಆ ಸಲ ಮಳೆ ಚೆನ್ನಾಗಿ ಆಯಿತು ಎಂಬುದು ಯಜಮಾನರ ವಿವರಣೆ.

ಎಲ್ಲರೂ ಕೊನೆಯವರೆಗೆ ದಾಸವಾಳದಲ್ಲೇ ಉಳಿಯುವುದಿಲ್ಲ. ಕೆಲವರು ಬೋನ್ಸಾಯಿಗೆ ಹೋಗುತ್ತಾರೆ, ಮಂಡಿನೋವಿನವರು ಆರ್ಕಿಡ್ಡಿಗೆ. ಹೆಚ್ಚಿನವರು ಒಲಿಯುವುದು ಅಡೀನಿಯಂಗೆ. ಅದರ ಬುಡ ದಪ್ಪ, ನೀರು ಕಡಿಮೆ ಸಾಕು, ಬಿಸಿಲು ಎಷ್ಟಿದ್ದರೂ ತಡೆಯುತ್ತದೆ, ಹೂ ದಿನಗಟ್ಟಲೆ ನಿಲ್ಲುತ್ತದೆ. ಹಾಲು ವಿಷವಾದ್ದರಿಂದ ಹಸು ಮೂಸುವುದಿಲ್ಲ. ಸಂಕಷ್ಟಿಯ ಬೆಳಿಗ್ಗೆ ಅದರ ಹೂವನ್ನು ಯಾರೂ ಕೇಳುವುದೂ ಇಲ್ಲ.