ಗದಗಿಗೆ ಸಮುದ್ರ ತಂದ ಸಾಹೇಬರು

ಮೊಣಕಾಲುದ್ದ ಬೂಟು, ಕೊರಳಲ್ಲಿ ದುರ್ಬೀನು, ಮೈಮೇಲೆ ಹದಿನಾಲ್ಕು ಜೇಬಿನ ಅಂಗಿ. ಒಂದು ಜೇಬಿನಲ್ಲೂ ಪೆನ್ನಿರುವುದಿಲ್ಲ, ನನ್ನದನ್ನೇ ಕೇಳಿ ಒಯ್ಯುತ್ತಾರೆ. ಗಣಿಯೋ ಕಾರ್ಖಾನೆಯೋ ಬರುವ ಕಡೆ ಹಕ್ಕಿಗಳನ್ನು ಎಣಿಸಿ ವರದಿ ಬರೆಯುವ ಪರಿಸರ ಕನ್ಸಲ್ಟೆಂಟ್ ಇವರು. ಫೀಸು ಕೊಡುವವನು ಗಣಿಯ ಮಾಲೀಕ. ಗಂಡಿನ ಕಡೆಯವರ ದುಡ್ಡು ತಿಂದ ದಲ್ಲಾಳಿ, ಹುಡುಗ ಕುಡಿಯುತ್ತಾನೆ ಅಂತಾನೆಯೇ?

ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಂತೆ ವರದಿಯ ಸಾರಾಂಶ ಜನರ ಭಾಷೆಯಲ್ಲೂ ಇರಬೇಕು, ಹತ್ತು ಪುಟ ಮೀರಬಾರದು. ಆ ಹತ್ತು ಪುಟದ ಅನುವಾದಕ್ಕೆ ಸಿಕ್ಕವನು ನಾನು, ನಿವೃತ್ತ ಕನ್ನಡ ಮಾಸ್ತರ. ಮೊದಲ ಸಲ ಆರನೇ ಪುಟಕ್ಕೆ ಬರುವಷ್ಟರಲ್ಲಿ ನಡುರಾತ್ರಿ. ಕಲ್ಲುಗಣಿಯ ಪಕ್ಕ ಉಪ್ಪಿನ ಗದ್ದೆ, ಅದರಲ್ಲಿ ರಾಜಹಂಸಗಳ ಹಿಂಡು! ಫೋನು ಹಚ್ಚಿದೆ.

“ಸರ್, ನಮ್ಮ ಗದಗಿಗೆ ಸಮುದ್ರ ಯಾವಾಗ ಬಂತ್ರೀ?”

“ಅಯ್ಯೋ, ಅದು ಕಛ್‌ನ ಹಳೇ ವರದಿದು ಮೇಷ್ಟ್ರೇ. ತೆಗೆದುಬಿಡಿ.”

“ರಾಜಹಂಸ?”

“ಅದನ್ನೂ ತೆಗೀರಿ. ನವಿಲು ಮಾತ್ರ ಮುಟ್ಟಬೇಡಿ!”

ನವಿಲು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಹಕ್ಕಿ. ಅದಿದ್ದರೆ ಸಂರಕ್ಷಣಾ ಯೋಜನೆ ಬೇಕು, ಯೋಜನೆಗೆ ಬಜೆಟ್ಟು ಬೇಕು. ಬಜೆಟ್ಟಿನಲ್ಲಿ ನೀರಿನ ತೊಟ್ಟಿ ಕಟ್ಟುತ್ತಾರೆ, ಆಡುಗಳು ಕುಡಿಯುತ್ತವೆ.

ಸಮುದ್ರ ತೆಗೆದೆ. ತೂಕಡಿಕೆಯಲ್ಲಿ ಒಂದು ಸಾಲು ಕಣ್ತಪ್ಪಿತು. ಗಣಿಯ ಬಗ್ಗೆ ಊರವರ ಅಹವಾಲು ಕೇಳುವ ಸಭೆಯಲ್ಲಿ, ಜಿಲ್ಲಾಧಿಕಾರಿಗಳ ಎದುರು, ಮುದುಕರೊಬ್ಬರು ಕನ್ನಡಕ ಏರಿಸಿ ಅದನ್ನೇ ಓದಿದರು: “ಭರತ-ಇಳಿತದ ವೇಳೆ ಗಮನಿಸಿ ಕೆಲಸ ಮಾಡಲಾಗುವುದು... ಅಲ್ರೀ ಸಾಹೇಬ್ರ, ನಮಗ ಕುಡಿಯಾಕ ನೀರಿಲ್ಲ. ಭರತ ಎಲ್ಲಿಂದ ತಂದ್ರಿ?” ಪೆಂಡಾಲೆಲ್ಲ ನಕ್ಕಿತು. ಸಾಹೇಬರು ನನ್ನತ್ತ ನೋಡಿ, ಮೈಕಿನಲ್ಲೇ, “ಅನುವಾದದ ದೋಷ” ಅಂದರು. ಮೂವತ್ತೆರಡು ವರ್ಷ ಮಕ್ಕಳ ತಪ್ಪು ತಿದ್ದಿದ ಮಾಸ್ತರ ಅಂದು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆ.

ಇವರ ಸಮೀಕ್ಷೆಯ ಕಾಲವೂ ಚೆಂದ. ಶಿರಹಟ್ಟಿ ಬದಿಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಚಳಿಗಾಲಕ್ಕೆ, ಸಾಹೇಬರು ಬರುವುದು ಏಪ್ರಿಲ್ಲಿಗೆ. “ಕಂಡುಬಂದಿಲ್ಲ” ಎಂದು ಬರೆಯುತ್ತಾರೆ. ಸುಳ್ಳಲ್ಲ. ಬೇಸಿಗೆ ರಜೆಯಲ್ಲಿ ತಪಾಸಣೆಗೆ ಬಂದು ಶಾಲೆಯಲ್ಲಿ ಮಕ್ಕಳೇ ಇಲ್ಲ ಎಂದು ಬರೆದುಕೊಂಡ ಹಾಗೆ.

ಆದರೂ ಮನುಷ್ಯ ಹಕ್ಕಿ ಬಲ್ಲ. ಓಡುವ ಜೀಪಿನಲ್ಲಿ ಕೂಗು ಕೇಳಿಯೇ ಹೆಸರು ಹೇಳುತ್ತಾರೆ. ಒಮ್ಮೆ ಗಣಿಗೆ ಗುರುತು ಮಾಡಿದ ಜಾಗದಲ್ಲಿ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿತು. ಸಾಹೇಬರು ಕೈಯಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ನಾನು ಹೆಜ್ಜೆ ಇಡಲಿದ್ದಲ್ಲೇ, ಬರೀ ನೆಲದ ಮೇಲೆ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಸುತ್ತ ಕಲ್ಲು ಜೋಡಿಸಿದರು. ಜೆಸಿಬಿಯವನ ಕೈಗೆ ಐನೂರು ತುರುಕಿ, ಇಪ್ಪತ್ತೆಂಟು ದಿನ ಈ ಕಡೆ ಬರಬೇಡ ಅಂದರು. ಸ್ವಂತ ದುಡ್ಡು.

“ಇದನ್ನು ವರದಿಗೆ ಹಾಕೋಣ ಸರ್,” ಅಂದೆ.

“ಟಿಟ್ಟಿಭಕ್ಕೆ ಬಜೆಟ್ಟಿಲ್ಲ ಮೇಷ್ಟ್ರೇ,” ಅಂದರು. ದಾರಿಯುದ್ದಕ್ಕೂ ಮತ್ತೆ ಮಾತಾಡಲಿಲ್ಲ. ಎಂ.ಎಸ್ಸಿ. ಓದುವಾಗ ಈ ಮನುಷ್ಯ ಏನಾಗಬೇಕೆಂದುಕೊಂಡಿದ್ದನೋ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ನಿನ್ನೆ ರಾತ್ರಿ ಮತ್ತೊಂದು ಸಾರಾಂಶ ಕಳಿಸಿದ್ದಾರೆ, ಬೆಳಿಗ್ಗೆಯೇ ಬೇಕಂತೆ. ಮೊದಲು ಸಮುದ್ರ ಹುಡುಕಿದೆ. ಇಲ್ಲ. ನಾಲ್ಕನೇ ಪುಟದಲ್ಲಿ ಒಂಟೆಗಳಿವೆ.