ಮೀಟರ್ ಯಾರದ್ದು ಸ್ವಾಮಿ?

ಒಂದು ಸಣ್ಣ ಪರೀಕ್ಷೆ, ಬೇಜಾರು ಮಾಡ್ಕೋಬೇಡಿ. 1800ರಿಂದ ಶುರುವಾಗೋ ನಂಬರಿಗೆ ಫೋನ್ ಮಾಡಿದಾಗ ನಿಮ್ಮ ಮೊದಲನೇ ವಾಕ್ಯ ಯಾವುದು? "ಫ್ರಿಜ್ಜು ತಣ್ಣಗಾಗ್ತಿಲ್ಲ" ಅಂತಲಾ? ಸುಳ್ಳು ಹೇಳ್ಬೇಡಿ. "ನೋಡಿ ಮೇಡಂ, ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ತಗೊಂಡಿದ್ದು, ನಮ್ಮ ಭಾವಮೈದ ಜೊತೇಲಿದ್ದ, ಇದೇ ಕಂಪನೀದು ತಗೊಳ್ಳಿ ಅಂದವನೂ ಅವನೇ..." ಅಂತ ತಾನೆ ಪುರಾಣ ಶುರುವಾಗೋದು?

ಅದೇ 1860ರ ನಂಬರಾಗಿದ್ರೆ? ಅಲ್ಲಿ ಕರೆಯ ಖರ್ಚು ನಿಮ್ಮ ತಲೆ ಮೇಲೆ. ಆಗ ನೋಡ್ಬೇಕು ನಿಮ್ಮನ್ನ. "ಫ್ರಿಜ್ಜು. ಕೂಲಿಂಗ್ ಇಲ್ಲ. ಜಯನಗರ. ಯಾವಾಗ ಬರ್ತೀರಿ?" ಭಾವಮೈದ ನಾಪತ್ತೆ. ಗೌರಿ ಹಬ್ಬಾನೂ ನಾಪತ್ತೆ. (ಟೆಲಿಗ್ರಾಂ ಆಫೀಸು ಮುಚ್ಚಿದ್ರೇನು, ತಂತಿ ಭಾಷೆ ನಮ್ಮೊಳಗೆ ಹಾಗೇ ಇದೆ.)

ನಾಚ್ಕೋಬೇಡಿ, ಬಳಸಿದಷ್ಟಕ್ಕೆ ಕಾಸು ಅನ್ನೋ ವಿದ್ಯೆಯಲ್ಲಿ ನಾವೆಲ್ಲ ಪಳಗಿದ ಕೈಗಳು. ಎಸ್‌ಟಿಡಿ ಬೂತಿನ ಗಾಜಿನ ಗೂಡೊಳಗೆ ನಿಂತು, ಕಿವಿಯಲ್ಲಿ ಅಮ್ಮ, ಕಣ್ಣಲ್ಲಿ ಕೆಂಪು ಅಂಕಿ ಓಡೋ ಮೀಟರ್. "ಹುಷಾರಾಗಿದೀಯಾ?" ಅಂತ ಆಕೆ ಕೇಳಿ ಮುಗಿಸೋ ಹೊತ್ತಿಗೆ ನೀವು "ಸರಿ, ಇಡ್ತೀನಿ" ಅಂದಿರ್ತಿದ್ರಿ. ರಾತ್ರಿ ರೇಟು ಇಳಿಯುತ್ತೆ ಅಂತ ಊಟ ಮುಗಿಸಿ ಹೋಗಿ ಕ್ಯೂ ನಿಂತವರು ನೀವೇ ಅಲ್ವಾ?

ಆಮೇಲೆ ಮೊಬೈಲ್ ಬಂತು. 2003ರ ತನಕ ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು ಅಂದ್ರೆ ಈಗಿನ ಹುಡುಗರು ನಂಬಲ್ಲ. ಅದಕ್ಕೂ ನಾವು ಮದ್ದು ಅರೆದ್ವಿ: ಮಿಸ್ಡ್ ಕಾಲ್. ಒಂದು ರಿಂಗ್ ಅಂದ್ರೆ ಮನೆಯಿಂದ ಹೊರಟೆ, ಎರಡು ರಿಂಗ್ ಅಂದ್ರೆ ಬಸ್ ಸಿಕ್ತು. ಖರ್ಚು ಸೊನ್ನೆ. ಈ ಜಿಪುಣತನವನ್ನೇ ನೆಚ್ಚಿಕೊಂಡು 2010ರಲ್ಲಿ ಬೆಂಗಳೂರಲ್ಲಿ ಜಿಪ್‌ಡಯಲ್ ಅನ್ನೋ ಕಂಪನಿ ಹುಟ್ಟಿತು, 2015ರಲ್ಲಿ ಟ್ವಿಟರ್ ಅದನ್ನ ಕೊಂಡುಕೊಂಡಿತು. ನಮ್ಮ ದುರ್ಗುಣಕ್ಕೂ ಮಾರ್ಕೆಟ್ ಇದೆ ಸ್ವಾಮಿ.

ಈಗ ವಿಷಯಕ್ಕೆ ಬರ್ತೀನಿ. ನೀವು ಕಸ್ಟಮರ್ ಕೇರಿಗೆ ಫೋನ್ ಮಾಡಿದಾಗ "ಒಂದನ್ನು ಒತ್ತಿ" ಅನ್ನೋದು, ಕ್ಯೂನಲ್ಲಿ ನಿಲ್ಲಿಸೋದು, ಸಂಗೀತ ಕೇಳಿಸೋದು, ಯಾವ ಏಜೆಂಟ್ ಖಾಲಿ ಇದ್ದಾರೆ ಅಂತ ಹುಡುಕೋದು, "ತರಬೇತಿಗಾಗಿ" ಅಂತ ನಿಮ್ಮ ಬೈಗುಳ ರೆಕಾರ್ಡ್ ಮಾಡೋದು, ಇಷ್ಟನ್ನೂ ಮಾಡೋದು ಒಂದು ಸಾಫ್ಟ್‌ವೇರ್. ಅದಕ್ಕೆ ಕಂಪನಿ ಬಾಡಿಗೆ ಕಟ್ಟುತ್ತೆ. ಆ ಬಾಡಿಗೆ ಯಾವ ಲೆಕ್ಕದಲ್ಲಿ ಅನ್ನೋದರ ಮೇಲೆ ನಿಮಗೆ ಸಿಗೋ ಮರ್ಯಾದೆಯೂ ಒಂಚೂರು ನಿಂತಿದೆ.

ಹಳೇ ಲೆಕ್ಕ ಸೀಟಿನದು. ನಿಮ್ಮಲ್ಲಿ ಎಷ್ಟು ಜನ ಏಜೆಂಟರು? ನೂರು. ಸರಿ, ತಲೆಗಿಷ್ಟು, ಇಂಟು ನೂರು, ತಿಂಗಳಾ ತಿಂಗಳಾ ಕಟ್ಟಿ. ಥೇಟ್ ಹಾಸ್ಟೆಲ್ ಮೆಸ್ಸು. ನೀವು ಊರಿಗೆ ಹೋಗಿದ್ರೂ, ಹೊಟ್ಟೆ ಕೆಟ್ಟು ಮಜ್ಜಿಗೆ ಕುಡಿದು ಮಲಗಿದ್ರೂ ಬಿಲ್ಲು ಅಷ್ಟೇ.

ಅದರೊಳಗೂ ಒಂದು ಚಮತ್ಕಾರ ಇದೆ, ಹತ್ತಿರ ಬನ್ನಿ ಹೇಳ್ತೀನಿ. ಬೆಂಗಳೂರಿನ ಕಾಲ್ ಸೆಂಟರ್‌ಗಳು ದಿನಕ್ಕೆ ಮೂರು ಪಾಳಿ ಓಡಿದ ಕಾಲ ನೆನಪಿಸ್ಕೊಳ್ಳಿ (ಮಧ್ಯರಾತ್ರಿ ಗಲ್ಲಿಯೊಳಗೆ ಹಾರ್ನ್ ಹೊಡೀತಿದ್ದ ಕ್ವಾಲಿಸ್ ಗಾಡಿಗಳು ಮರೆಯೋಕಾಗುತ್ತಾ?). ಕುರ್ಚಿ ನೂರು, ಕೂರೋರು ಮುನ್ನೂರು. ಲೈಸೆನ್ಸ್ ಹೆಸರಿನ ಮೇಲಿದ್ರೆ ಮುನ್ನೂರು ಜನಕ್ಕೂ ಕಟ್ಟಬೇಕು. 'ಕನ್‌ಕರೆಂಟ್' ಅಂದ್ರೆ ಒಂದು ಹೊತ್ತಿಗೆ ಲಾಗಿನ್ ಆಗಿರೋ ನೂರು ಜನಕ್ಕೆ ಸಾಕು. ಕಾಂಟ್ರಾಕ್ಟಿನ ಒಂದು ಪದ ತಪ್ಪಿದ್ರೆ ಖರ್ಚು ಮೂರು ಪಟ್ಟು.

2017ರಲ್ಲಿ ಅಮೆಜಾನ್ ಕಂಪನಿ ತನ್ನ 'ಕನೆಕ್ಟ್' ತಂದಿತು. ಸೀಟು ಗೀಟು ಏನೂ ಬೇಡ, ಗಿರಾಕಿ ಲೈನಿನಲ್ಲಿ ಎಷ್ಟು ನಿಮಿಷ ಇದ್ದನೋ ಅಷ್ಟಕ್ಕೆ ಕೊಡಿ ಅಂತು. ನಿಮಿಷಕ್ಕೆ 0.018 ಡಾಲರ್. ಇವತ್ತಿನ ಲೆಕ್ಕದಲ್ಲಿ ಒಂದೂವರೆ ರೂಪಾಯಿ ಆಸುಪಾಸು ಅಂದ್ಕೊಳ್ಳಿ. ಏನು ಅಗ್ಗ ಅಂತ ಕಣ್ಣರಳಿಸಿದ್ರಾ? ತಾಳಿ, ಫೋನ್ ಲೈನಿನ ದುಡ್ಡು ಅದರಲ್ಲಿ ಸೇರಿಲ್ಲ. ನಂಬರಿನ ಬಾಡಿಗೆ ಬೇರೆ, ರೆಕಾರ್ಡಿಂಗ್ ಇಟ್ಟುಕೊಳ್ಳೋ ಜಾಗದ ಬಾಡಿಗೆ ಬೇರೆ, ಮಾತನ್ನ ಅಕ್ಷರಕ್ಕಿಳಿಸಿದ್ರೆ ಅದೂ ಬೇರೆ.

ಮರುವರ್ಷ ಟ್ವಿಲಿಯೋ ಕಂಪನಿ 'ಫ್ಲೆಕ್ಸ್' ತಂದು ಎರಡೂ ಬಾಗಿಲು ತೆರೆದಿಟ್ಟಿತು. ಏಜೆಂಟ್ ಕೆಲಸದಲ್ಲಿದ್ದ ಗಂಟೆಗೆ 1 ಡಾಲರ್, ಇಲ್ಲಾ ತಿಂಗಳಿಗೆ ತಲೆಗೆ 150 ಡಾಲರ್. ಬೆರಳು ಮಡಚಿ ನೀವೇ ಎಣಿಸಿ. ದಿನಕ್ಕೆ 8 ಗಂಟೆ, ತಿಂಗಳಿಗೆ 22 ದಿನ, 176 ಡಾಲರ್ ಆಯ್ತು. ಅಲ್ಲಿಗೆ ಪೂರ್ತಿ ದಿನ ದುಡಿಯೋರಿಗೆ ಸೀಟೇ ಅಗ್ಗ. ಅರ್ಧ ದಿನ ಬಂದುಹೋಗೋರಿಗೆ 88 ಡಾಲರ್, ಅಲ್ಲಿ ಗಂಟೆ ಲೆಕ್ಕವೇ ಲಾಭ.

ಹಾಗಾದ್ರೆ ಮೀಟರ್ ಲೆಕ್ಕ ಯಾರಿಗೆ ಬೇಕು? ಯಾರ ಫೋನು ಒಂದು ದಿನ ಸುಮ್ಮನಿದ್ದು ಇನ್ನೊಂದು ದಿನ ಸಿಡಿಯುತ್ತೋ ಅವರಿಗೆ. ಏಪ್ರಿಲ್ ಸಂಜೆ, ಗಾಳಿ ಮಳೆ, ಕರೆಂಟ್ ಹೋಯ್ತು. ನೀವು ಏನು ಮಾಡ್ತೀರಿ? ಮೊದಲು ಕಿಟಕಿಯಿಂದ ಎದುರು ಮನೆ ನೋಡ್ತೀರಿ. ಅಲ್ಲೂ ಕತ್ತಲೆ ಅಂತ ಗೊತ್ತಾದ ಮೇಲೆ (ಒಂಥರಾ ಸಮಾಧಾನ ಆಗುತ್ತೆ, ಹೌದಾ ಇಲ್ವಾ?) ಕರೆಂಟಿನವರ ಸಹಾಯವಾಣಿ 1912ಕ್ಕೆ ಡಯಲ್ ಮಾಡ್ತೀರಿ.

ಎದುರು ಮನೆಯವರೂ ಅದನ್ನೇ ಮಾಡ್ತಾರೆ. ಅವರ ಎದುರಿನವರೂ. ಮಧ್ಯಾಹ್ನ ನೊಣ ಹೊಡೀತಿದ್ದ ಸಹಾಯವಾಣಿಗೆ ಅರ್ಧ ಗಂಟೆಯಲ್ಲಿ ಇಡೀ ಬಡಾವಣೆ ಮುಗಿಬೀಳುತ್ತೆ. ಇಂಥ ಗದ್ದಲಕ್ಕೆ ಸೀಟು ಕೊಳ್ಳೋದಾದ್ರೆ ಎಷ್ಟು ಕೊಳ್ತೀರಿ? ಮಳೆ ಸಂಜೆಗೆ ಬೇಕಾದಷ್ಟು ಕೊಂಡ್ರೆ ಉಳಿದ ವರ್ಷವೆಲ್ಲ ದಂಡ. ಬಿಸಿಲು ಮಧ್ಯಾಹ್ನಕ್ಕೆ ಬೇಕಾದಷ್ಟೇ ಕೊಂಡ್ರೆ ಮಳೆ ಸಂಜೆ ಶಾಪ. ದೀಪಾವಳಿ ಸೇಲ್ ನಡೆಸೋರದೂ, ಹಬ್ಬದ ಟಿಕೆಟ್ ಮಾರೋರದೂ ಇದೇ ಪಾಡು.

ಈ ತಲೆನೋವಿಗೆ ಲೆಕ್ಕ ಹುಡುಕಿದವರು ಡೆನ್ಮಾರ್ಕಿನ ಎರ್ಲಾಂಗ್ ಅನ್ನೋ ಗಣಿತಜ್ಞ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದರು, 1909ರಲ್ಲಿ ಮೊದಲ ಪ್ರಬಂಧ ಬರೆದರು. ಇಷ್ಟು ಕರೆ ಬಂದ್ರೆ, ಒಂದೊಂದು ಇಷ್ಟು ಹೊತ್ತು ನಡೆದ್ರೆ, ಜನ ಎಷ್ಟು ಕಾಯಬೇಕು ಅನ್ನೋ ಸೂತ್ರ ಅವರದು. ಇವತ್ತಿಗೂ ಕಾಲ್ ಸೆಂಟರಿನ ರೋಸ್ಟರ್ ಹಾಕೋರು ಅದನ್ನೇ ಬಳಸ್ತಾರೆ. (ನಿಮ್ಮ ಭಾವಮೈದನ ಕಥೆಯ ಉದ್ದಾನೂ ಆ ಸೂತ್ರದೊಳಗೆ ಬರುತ್ತೆ, ಸರಾಸರಿಯಾಗಿ.)

ಈಗ ನಿಮಗೆ ಖುಷಿಯಾಗೋ ಒಂದು ಗುಟ್ಟು. ನಿಮಿಷದ ಲೆಕ್ಕದಲ್ಲಿ ಮೀಟರ್ ಓಡೋದು ಏಜೆಂಟ್ ಫೋನ್ ಎತ್ತಿದ ಮೇಲಲ್ಲ. ನೀವು ಲೈನಿಗೆ ಬಂದ ಕ್ಷಣದಿಂದ. "ನಿಮ್ಮ ಕರೆ ನಮಗೆ ಅಮೂಲ್ಯ" ಅಂತ ಆ ಹೆಣ್ಣು ದನಿ ಹನ್ನೊಂದನೇ ಸಲ ಹೇಳ್ತಿರುವಾಗ್ಲೂ ಕಂಪನಿಯ ಜೇಬು ಸೋರ್ತಾನೇ ಇರುತ್ತೆ. ಅಮೂಲ್ಯ ಅನ್ನೋದು ಸುಳ್ಳು, ಅದರ ಮೌಲ್ಯ ಪೈಸೆ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ.

ಕಾಯೋ ಕೋಪ ಅರ್ಧ ಇಳೀತು ಅಲ್ವಾ? ನನಗೆ ಗೊತ್ತಿತ್ತು. ಮುಂದಿನ ಸಲ ಸ್ಪೀಕರ್ ಹಾಕಿ ಫೋನನ್ನ ಒಗ್ಗರಣೆ ಡಬ್ಬಿ ಪಕ್ಕ ಇಟ್ಟು, "ಕಟ್ಟಲಿ ಬಿಡು, ನಮ್ಮಪ್ಪನ ಮನೆ ಗಂಟೇನು" ಅಂತ ಹುರಳಿಕಾಯಿ ನಾರು ತೆಗೀತೀರಿ. ಅವರೇನು ದಡ್ಡರಾ? "ಕಾಯಬೇಡಿ, ನಿಮ್ಮ ಸರದಿ ಬಂದಾಗ ನಾವೇ ಫೋನ್ ಮಾಡ್ತೀವಿ" ಅನ್ನೋ ಪ್ರೀತಿಯ ದನಿ ಕೇಳಿದ್ದೀರಲ್ಲ, ಆ ಪ್ರೀತಿಗೆ ಈ ಮೀಟರೂ ಒಂದು ಕಾರಣ.

ಚಾಟ್‌ನಲ್ಲಿ ಇನ್ನೂ ಮಜಾ. 2019ರಲ್ಲಿ ಅಮೆಜಾನ್ ಕನೆಕ್ಟಿಗೆ ಚಾಟ್ ಸೇರಿಸಿದಾಗ ಒಂದು ಮೆಸೇಜಿಗೆ 0.004 ಡಾಲರ್ ಅಂತಿಟ್ಟರು. ಬಂದಿದ್ದಕ್ಕೂ, ಹೋಗಿದ್ದಕ್ಕೂ. ಈಗ ನಿಮ್ಮ ಟೈಪಿಂಗ್ ಶೈಲಿ ನೆನಪಿಸ್ಕೊಳ್ಳಿ. "ಹಲೋ." "ಸರ್." "ಇದೀರಾ?" "ಒಂದು ಪ್ರಾಬ್ಲಂ." "ಏನಂದ್ರೆ." ಇಷ್ಟಾಗಿ ಹೂರಣ ಇನ್ನೂ ಹೊರಗೆ ಬಂದಿಲ್ಲ. ಆಮೇಲೆ ಒಂದು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ.

ವಾಟ್ಸಾಪಿನವರು ಬೇರೆ ದಾರಿ ಹಿಡಿದ್ರು. ಮೊದಲು ಇಡೀ ಮಾತುಕತೆಗೆ ಒಂದು ದರ ಅಂತಿತ್ತು, 2025ರ ಜುಲೈ 1ರಿಂದ ಮೆಸೇಜ್ ಲೆಕ್ಕ. ಆದ್ರೆ ನೀವು ಮೊದಲು ಬರೆದು, ಕಂಪನಿ 24 ಗಂಟೆಯೊಳಗೆ ಕೊಡೋ ಮಾಮೂಲಿ ಉತ್ತರಕ್ಕೆ ವಾಟ್ಸಾಪ್ ದುಡ್ಡು ಕೇಳಲ್ಲ. ಅದಕ್ಕೇ ಎಲ್ಲರೂ "ನಮಗೊಂದು ಹಾಯ್ ಕಳಿಸಿ" ಅಂತ ಗೋಗರೆಯೋದು. ನಿಮ್ಮ ಹಾಯ್ ಮೇಲೆ ಅವರಿಗೇನೋ ಭಾರಿ ಮಮತೆ ಅಂದ್ಕೊಂಡ್ರಾ?

ಇಷ್ಟೆಲ್ಲ ಆಡ್ಕೊಂಡೆ, ಮೀಟರಿನ ಒಂದು ಒಳ್ಳೇ ಗುಣಾನೂ ಹೇಳ್ಬೇಕು. ಸೀಟಿನ ಕಾಲದಲ್ಲಿ ದಿನಕ್ಕೆ ನಾಲ್ಕೇ ಕರೆ ಬರೋ ಭಾಷೆಗೆ ಒಬ್ಬ ಏಜೆಂಟನ್ನ ಇಟ್ರೆ ಲೈಸೆನ್ಸ್ ದುಡ್ಡು ಪೂರ್ತಿ ಬೀಳ್ತಿತ್ತು. "ಕನ್ನಡದವರು ಇಲ್ಲ ಸರ್, ಹಿಂದಿ ಚಲೇಗಾ?" ಅನ್ನೋಕೆ ಅದೂ ಒಂದು ನೆಪ. ನಿಮಿಷದ ಲೆಕ್ಕದಲ್ಲಿ ಆ ನೆಪ ಓಡಲ್ಲ. ಮೈಸೂರಲ್ಲಿ ಮನೆಯಿಂದಲೇ ಎರಡು ಗಂಟೆ ಲಾಗಿನ್ ಆಗೋ ಕನ್ನಡದ ಹುಡುಗಿಗೆ ಎರಡು ಗಂಟೆಯ ಸಂಬಳ ಕೊಡಿ, ಆಕೆ ಮಾತಾಡಿದಷ್ಟಕ್ಕೆ ಸಾಫ್ಟ್‌ವೇರಿಗೆ ಕಟ್ಟಿ, ಮುಗೀತು.

ಆದ್ರೆ ನೀವೇನು ಮಾಡ್ತೀರಿ? "ಕನ್ನಡಕ್ಕಾಗಿ ಒತ್ತಿ" ಅಂದ್ರೆ ಎದೆಯುಬ್ಬಿಸಿ ಒತ್ತುತ್ತೀರಿ. ಆ ಹುಡುಗಿ "ನಮಸ್ಕಾರ, ಹೇಳಿ ಸರ್" ಅಂದ ತಕ್ಷಣ, "ಆಕ್ಚುಲಿ ಮೈ ಪ್ರಾಬ್ಲಂ ಈಸ್..." ಅಂತ ಶುರು ಹಚ್ಕೋತೀರಿ. ಹಿಂದಿನಿಂದ ಮನೆಯವರು "ಕನ್ನಡದಲ್ಲೇ ಹೇಳ್ರೀ" ಅಂತ ತಿವಿಯೋ ತನಕ ಮೀಟರ್ ಇಂಗ್ಲಿಷಲ್ಲೇ ಓಡ್ತಿರುತ್ತೆ.

ಕಂಪನಿಯ ಲೆಕ್ಕಪತ್ರದವರಿಗೂ ಈ ಮೀಟರ್ ಕಂಡ್ರೆ ಆಗಲ್ಲ. ಮುಂದಿನ ತಿಂಗಳ ಬಿಲ್ ಎಷ್ಟು ಅಂತ ಮೇಲಿನವರು ಕೇಳಿದ್ರೆ, "ಮಳೆ ಬಂದಷ್ಟು" ಅನ್ನೋಕಾಗುತ್ತಾ? ಅದಕ್ಕೆ ಮಾರೋರು ಇನ್ನೊಂದು ಆಸೆ ತೋರಿಸ್ತಾರೆ: ವರ್ಷಕ್ಕೆ ಇಂತಿಷ್ಟು ಖಂಡಿತ ಬಳಸ್ತೀವಿ ಅಂತ ಬರೆದುಕೊಡಿ, ರೇಟು ಇಳಿಸ್ತೀವಿ. ಎಷ್ಟೋ ಕರಾರುಗಳಲ್ಲಿ ಬಳಸದೇ ಉಳಿದದ್ದು ಗೋವಿಂದ. ಮೆಸ್ ಬೇಡ ಅಂತ ಹೊರಗೆ ಬಂದವರನ್ನ ಹಿಂದಿನ ಬಾಗಿಲಿಂದ ಮತ್ತೆ ಮೆಸ್ಸಿಗೇ ಕೂರಿಸಿದ ಹಾಗೆ.

ಈಚೆಗೆ ಎಐ ಬಾಟ್ ಬಂತು ನೋಡಿ, ಆಟವೇ ಬದಲಾಯ್ತು. ಬಾಟ್‌ಗೆ ಕುರ್ಚಿ ಬೇಡ, ಹಾಗಾಗಿ ಸೀಟ್ ಲೆಕ್ಕ ನಡೆಯಲ್ಲ. 2023ರಲ್ಲಿ ಇಂಟರ್‌ಕಾಮ್ ಕಂಪನಿ ತನ್ನ 'ಫಿನ್' ಬಾಟ್‌ಗೆ, ಬಗೆಹರಿಸಿದ ಒಂದೊಂದು ಸಮಸ್ಯೆಗೆ 0.99 ಡಾಲರ್ ಅಂತಿಟ್ಟಿತು. ಬಗೆಹರಿಸದಿದ್ರೆ ಕಾಸಿಲ್ಲ. 2024ರಲ್ಲಿ ಸೇಲ್ಸ್‌ಫೋರ್ಸ್ ತನ್ನ ಏಜೆಂಟ್‌ಫೋರ್ಸಿಗೆ ಒಂದು ಸಂಭಾಷಣೆಗೆ 2 ಡಾಲರ್ ಅಂತು, ಬಗೆಹರಿಯಲಿ ಬಿಡಲಿ.

ಇದರಲ್ಲಿ ನ್ಯಾಯ ಅನ್ನಿಸೋದು ಮೊದಲನೇದೇ. ಕೆಲಸ ಆದ್ರೆ ದುಡ್ಡು. ಆದ್ರೆ ಒಂದು ನಿಮಿಷ, ಕೆಲಸ ಆಯ್ತು ಅಂತ ತೀರ್ಮಾನ ಮಾಡೋರು ಯಾರು? ನೀವು "ಥ್ಯಾಂಕ್ಸ್, ಸರಿಹೋಯ್ತು" ಅಂದ್ರೆ ಆಯ್ತು, ಅದರಲ್ಲಿ ತಕರಾರಿಲ್ಲ. ಬಾಟ್ ಉತ್ತರ ಕೊಟ್ಟ ಮೇಲೆ ನೀವು ಮನುಷ್ಯರನ್ನ ಕೇಳದೆ, ಮತ್ತೇನೂ ಬರೀದೆ ಎದ್ದು ಹೋದ್ರೂ ಫಿನ್ ಲೆಕ್ಕದಲ್ಲಿ ಬಗೆಹರಿದ ಹಾಗೇನೇ.

ಇಲ್ಲೇ ನಾವು ಸಿಕ್ಕಿಬೀಳೋದು. ನಮಗೆ ಸಿಟ್ಟು ಬಂದ್ರೆ ಜಗಳ ಎಲ್ಲಿ ಮಾಡ್ತೀವಿ? "ಈ ದರಿದ್ರದ ಹತ್ತಿರ ಯಾರು ಮಾತಾಡ್ತಾರೆ" ಅಂತ ಫೋನ್ ಮಂಚದ ಮೇಲೆ ಎಸೆದು ಕಾಫಿಗೆ ನೀರಿಡ್ತೀವಿ. ಇನ್ನು ಸಂಕೋಚದವರು, "ಆಯ್ತು ಬಿಡಿ, ನೋಡೋಣ" ಅಂತ ಮರ್ಯಾದೆಯಾಗಿ ಟೈಪ್ ಮಾಡಿ ಹೊರಡ್ತಾರೆ. (ಯಂತ್ರದ ಮನಸ್ಸು ನೋಯಬಾರದು ಅಂತ!) ಫ್ರಿಜ್ಜು ಅಲ್ಲೇ ಬೆವರ್ತಾ ಕೂತಿದೆ, ಅತ್ತ ಲೆಡ್ಜರಿನಲ್ಲಿ ಪರಿಹಾರವಾಯಿತು ಅಂತ 0.99 ಡಾಲರ್ ಏರಿ ಆಗಿದೆ.

ಕಂಪನಿಗೆ ವರದಿ ಹೋಗೋದೂ ಹಾಗೇ. ಇಷ್ಟು ಸಾವಿರ ಪರಿಹಾರ, ಬಾಟ್ ಬಲು ಬುದ್ಧಿವಂತ, ಇನ್ನು ಮನುಷ್ಯರನ್ನ ಕಡಿಮೆ ಮಾಡಬಹುದು ಅಂತ. ಆ ವರದಿಯಲ್ಲಿ ನಿಮ್ಮ ಮೌನವೂ ಒಂದು ಓಟು.

ಅದಕ್ಕೇ ಹೇಳ್ತೀನಿ, ದಯವಿಟ್ಟು ಕೇಳಿ. ಇನ್ನು ಮುಂದೆ ಬಾಟ್ ಜೊತೆ ಮುನಿಸಿಕೊಂಡು ಏಳೋ ಮುಂಚೆ "ಬಗೆಹರಿದಿಲ್ಲ, ಮನುಷ್ಯರನ್ನ ಕೊಡಿ" ಅಂತ ಒಂದು ಸಾಲು ಬರೆದು ಏಳಿ. ಅದಕ್ಕೆ ನಿಮಗೆ ನಯಾಪೈಸೆ ಖರ್ಚಿಲ್ಲ. ಮನುಷ್ಯರು ಸಿಕ್ಕಿದ ಮೇಲೆ ಫ್ರಿಜ್ಜಿನ ಮಾಡೆಲ್ ನಂಬರ್ ಮೊದಲು ಹೇಳಿ, ಭಾವಮೈದನನ್ನ ಆಮೇಲೆ ತನ್ನಿ.