ಒಂದು ಸಾಕೆಟ್ ಕೊಡಿ ಸ್ವಾಮಿ

ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಖಜಾಂಚಿಗಳಿಗೆ, ಹಾಗೂ ಯಾವ ಹುದ್ದೆಯಲ್ಲಿಲ್ಲದಿದ್ದರೂ ಎಲ್ಲವನ್ನೂ ತೀರ್ಮಾನಿಸುವ ಗ್ರೌಂಡ್ ಫ್ಲೋರ್ ಹಿರಿಯರಿಗೆ,



ನಾನು ಎಲೆಕ್ಟ್ರಿಕ್ ಕಾರು ತಂದ ಸುದ್ದಿ ನನ್ನ ಹೆಂಡತಿಗಿಂತ ಮೊದಲು ತಮಗೆ ತಿಳಿಯಿತು. ಗೇಟಿನಲ್ಲಿ ಹಸಿರು ನಂಬರ್ ಪ್ಲೇಟ್ ಕಂಡದ್ದೇ ತಡ, ಸೆಕ್ಯೂರಿಟಿಯವರು ಇಂಟರ್‌ಕಾಮ್ ಎತ್ತಿದ್ದರು. ನಾನು ಬೇಸ್‌ಮೆಂಟಿಗೆ ಇಳಿಯುವಷ್ಟರಲ್ಲಿ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಧಗಧಗ ಉರಿಯುವ ಬಸ್ಸೊಂದರ ವಿಡಿಯೋ ಹರಿದಾಡುತ್ತಿತ್ತು. ಅದು ಡೀಸೆಲ್ ಬಸ್ಸು. ಹೇಳೋಣವೆಂದುಕೊಂಡೆ, ಲಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ದಿನವೇ ಜಗಳ ಬೇಡವೆಂದು ಸುಮ್ಮನಾದೆ.

ಸಾಕೆಟ್ ಕೋರಿ ನಾನು ಕೊಟ್ಟ ಅರ್ಜಿಗೆ ಉತ್ತರವಾಗಿ ತಾವು ಕೇಳಿದ ದಾಖಲೆಗಳು ನನ್ನ ಮುಂದಿವೆ: ಬೆಂಕಿ ಬಿದ್ದರೆ ನಾನೇ ಹೊಣೆ ಎಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ, ಅಕ್ಕಪಕ್ಕದ ಪಾರ್ಕಿಂಗಿನವರ ಒಪ್ಪಿಗೆ ಪತ್ರ, ಅಗ್ನಿಶಾಮಕದವರ ಅಭಿಪ್ರಾಯ, ಮತ್ತು ನನಗೆ ಬಹಳ ಹಿಡಿಸಿದ್ದು ಇದು, ಈ ಕಾರು ಎಂದೆಂದೂ ಹೊತ್ತಿಕೊಳ್ಳುವುದಿಲ್ಲ ಎಂದು ಕಂಪನಿಯಿಂದ ಬರೆಸಿಕೊಂಡ ಖಾತ್ರಿ. ನಾನು ಬೇಡಿದ್ದು ಗೋಡೆಯಲ್ಲಿ ಮೂರು ತೂತು. 15 ಆಂಪಿಯರಿನದು.

ಬೆಂಕಿಯ ವಿಷಯದಲ್ಲಿ ತಮ್ಮ ಕಾಳಜಿಗೆ ತಲೆಬಾಗುತ್ತೇನೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದದ್ದು ನಿಜ. ಆಮೇಲೆಯೇ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿದ್ದು. ಲಿಥಿಯಂ ಬ್ಯಾಟರಿಗೆ ಹತ್ತಿದ ಬೆಂಕಿ ಒಂದು ಬಕೆಟ್ ಮರಳಿಗೆ ಆರುವಂಥದ್ದಲ್ಲ, ಅದೂ ನಿಜ. ಆದರೆ ಒಮ್ಮೆ ನನ್ನ ಜೊತೆ ಬೇಸ್‌ಮೆಂಟಿಗೆ ಬನ್ನಿ. ಮೂಲೆಯಲ್ಲಿ ಜನರೇಟರಿನ ಡೀಸೆಲ್ ಟ್ಯಾಂಕು. ಅದಕ್ಕೆ ಒರಗಿಸಿ ಯಾರದೋ ಹಳೇ ಸೋಫಾ, ಗಣೇಶೋತ್ಸವದ ಪೆಂಡಾಲ್ ಬಟ್ಟೆ, ಥರ್ಮಾಕೋಲಿನ ಕಮಲ. ಸುತ್ತ ಸಾಲುಸಾಲಾಗಿ ಹೊಟ್ಟೆಯಲ್ಲಿ ಪೆಟ್ರೋಲು ತುಂಬಿಕೊಂಡು ಮಲಗಿರುವ ಕಾರುಗಳು. ಇವೆಲ್ಲದರ ನಡುವೆ ನಿಂತು, ಸಿಗರೇಟಿನ ಬೂದಿ ಕೊಡವುತ್ತಾ, ಲಿಥಿಯಂ ಎಷ್ಟು ಅಪಾಯಕಾರಿ ಎಂದು ನನಗೆ ಮನದಟ್ಟು ಮಾಡಿಸಿದವರು ತಮ್ಮ ಸಮಿತಿಯ ಸದಸ್ಯರೇ.

ಲೋಡ್ ತಡೆಯುವುದಿಲ್ಲ ಎಂದರು ಖಜಾಂಚಿಗಳು. ನಾನು ಕೇಳಿದ ಪ್ಲಗ್ಗಿನಿಂದ ಕಾರು ಎಳೆಯುವುದು ಸುಮಾರು 3.3 ಕಿಲೋವ್ಯಾಟ್. ಅವರ ಬಚ್ಚಲಿನ ಇನ್‌ಸ್ಟಂಟ್ ಗೀಸರ್ ಎಳೆಯುವುದು 3. ಬೆಳಿಗ್ಗೆ ಆರೂವರೆಗೆ ಇಡೀ ಕಟ್ಟಡ ಒಟ್ಟಿಗೆ ಸ್ನಾನಕ್ಕಿಳಿದರೂ ಜಗ್ಗದ ಟ್ರಾನ್ಸ್‌ಫಾರ್ಮರ್, ಊರೆಲ್ಲ ಮಲಗಿದ ಮೇಲೆ ನನ್ನೊಬ್ಬನ ಕಾರಿಗೆ ಸುಟ್ಟುಹೋಗುತ್ತದಂತೆ. ರಾತ್ರಿ 8 ಗಂಟೆ ಹಾಕಿಟ್ಟರೆ 26 ಯೂನಿಟ್, ಯೂನಿಟ್ಟಿಗೆ 6 ಕಿಲೋಮೀಟರಿನಂತೆ ಹತ್ತಿರಹತ್ತಿರ 150. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬರುವವನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತಾಗ ಹೇಗೂ ಇದು ಸುಮ್ಮನೆ ಉರಿಯುವುದಿಲ್ಲ.

ತಮ್ಮ ವಾದದಲ್ಲಿ ಜೀವವಿರುವ ಜಾಗವೂ ಒಂದಿದೆ, ಮುಚ್ಚಿಡುವುದಿಲ್ಲ. ನಾಳೆ 40 ಮನೆಯವರು ಇಂಥ ಕಾರು ತಂದು, 7.2 ಕಿಲೋವ್ಯಾಟಿನ ಪೆಟ್ಟಿಗೆ ಗೋಡೆಗೆ ಹೊಡೆಸಿ, ಆಫೀಸಿನಿಂದ ಬಂದವರೇ ಎಲ್ಲರೂ ಒಟ್ಟಿಗೆ ಚುಚ್ಚಿದರೆ 288 ಕಿಲೋವ್ಯಾಟ್ ಬೇಕು. ನಮ್ಮದು 250 ಕೆವಿಎ ಟ್ರಾನ್ಸ್‌ಫಾರ್ಮರ್. ಲಿಫ್ಟು, ಪಂಪು ಎಲ್ಲ ನಿಲ್ಲಿಸಿದರೂ ಅದು ಕೈ ಎತ್ತುತ್ತದೆ. ಕಾರುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಚಾರ್ಜರುಗಳು ಇರುವುದೇ ಈ ಕಾರಣಕ್ಕೆ. ಬಲ್ಲ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಒಬ್ಬರನ್ನು ಕರೆಸಿ ಲೋಡ್ ಅಳೆಸೋಣ ಎಂದರೆ, ಖರ್ಚಾಗುತ್ತದೆಂದು ವಿಷಯವನ್ನೇ ಮುಂದಿನ ಸಭೆಗೆ ತಳ್ಳಿದಿರಿ. ಅದೇ ಸಭೆಯಲ್ಲಿ ಲಾಬಿಯ ಕಾರಂಜಿಗೆ ಬಣ್ಣಬಣ್ಣದ ದೀಪ ಮಂಜೂರಾಯಿತು. ಕಾರಂಜಿಯ ಲೋಡ್ ಕೇಳಿದವರಿಲ್ಲ.

"ಕರೆಂಟೂ ಕಲ್ಲಿದ್ದಲಿನದೇ ಅಲ್ವೇನ್ರೀ?" ಎಂದು ಕಾರ್ಯದರ್ಶಿಗಳು ಕೇಳಿದ್ದರು. ಒಂದಷ್ಟು ಹೌದು, ರಾಯಚೂರಿನದು. ಪಾವಗಡದ ಬಿಸಿಲಿನದೂ ಉಂಟು, ಶರಾವತಿಯ ನೀರಿನದೂ ಉಂಟು. ಮೊದಲ ಮಹಡಿಗೂ ಲಿಫ್ಟ್ ಹತ್ತುವವರಿಗೆ ರಾಯಚೂರು ನನ್ನ ಕಾರು ಕಂಡಾಗ ಮಾತ್ರ ನೆನಪಾದದ್ದು ಸೋಜಿಗ.

ಇನ್ನು ಹಿರಿಯರಿಗೆ ಒಂದು ಮಾತು. "ಇದೆಲ್ಲ ನಿನ್ನೆ ಮೊನ್ನೆ ಬಂದದ್ದು, ನಾಲ್ಕು ವರ್ಷ ನೋಡೋಣ" ಎಂದಿರಿ. 2001ರಲ್ಲಿ ರೇವಾ ಎಂಬ ಪುಟಾಣಿ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದದ್ದು ಇದೇ ಬೆಂಗಳೂರಿನಲ್ಲಿ. ಚೇತನ್ ಮೈನಿಯವರ ಕಂಪನಿಯದು. ತಾವು ನನಗೆ ಕೊಡಲೊಲ್ಲದ ಇದೇ 15 ಆಂಪಿಯರ್ ಪ್ಲಗ್ಗಿಗೆ ಚುಚ್ಚಿ 8 ಗಂಟೆ ಬಿಟ್ಟರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ನಿಗೆ ಹೋಗಿ, ಜಿ-ವಿಜ್ ಅನ್ನಿಸಿಕೊಂಡು, ಅಲ್ಲಿನ ಕಂಜೆಷನ್ ಶುಲ್ಕವನ್ನೂ ತಪ್ಪಿಸಿಕೊಂಡು ತಿರುಗಾಡಿತು. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ತಂದದ್ದೂ ಕರ್ನಾಟಕವೇ, 2017ರಲ್ಲಿ. ಆ ನೀತಿ ವಿಧಾನಸೌಧದಿಂದ ಹೊರಟು ನಮ್ಮ ಗೇಟಿನವರೆಗೆ ಬಂದು ನಿಂತಿದೆ. ವಿಸಿಟರ್ ಪುಸ್ತಕದಲ್ಲಿ ಹೆಸರು, ಮೊಬೈಲ್ ನಂಬರ್ ಬರೆಯದೆ ಒಳಗೆ ಬಿಡುವಂತಿಲ್ಲವಲ್ಲ.

ತಾವು ತೋರಿಸಿದ ಪರ್ಯಾಯ ಮಾರ್ಗ: "ಹೊರಗಡೆ ಬೇಕಾದಷ್ಟು ಚಾರ್ಜಿಂಗ್ ಸ್ಟೇಷನ್ ಇವೆಯಲ್ಲ." ಇವೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ಆ್ಯಪಿಗೆ ಒಂದೊಂದು ವ್ಯಾಲೆಟ್, ಎಲ್ಲ ವ್ಯಾಲೆಟ್ಟುಗಳಲ್ಲೂ ನನ್ನ ಚಿಲ್ಲರೆ. ಹೀಗೆ ಊರ ತುಂಬ ಹಂಚಿಹೋದ ಆಸ್ತಿಯನ್ನು ವಿಲ್ಲಿನಲ್ಲಿ ಹೇಗೆ ಬರೆಸುವುದೆಂದು ವಕೀಲರನ್ನು ಕೇಳಬೇಕು. ದರ ಮನೆಯ ಕರೆಂಟಿನ ಎರಡು ಮೂರು ಪಟ್ಟು, ಅದರ ಮೇಲೆ ಶೇ. 18 ಜಿಎಸ್‌ಟಿ. ಕಾರು ಕೊಳ್ಳುವಾಗ ಕೇವಲ 5 ಎಂದು ಬೀಗಿದ್ದೆ. ಆ್ಯಪ್ 'ಲಭ್ಯ' ಎಂದು ಹಸಿರು ತೋರಿಸುತ್ತದೆ. ಹೋಗಿ ನೋಡಿದರೆ ಆ ಜಾಗದಲ್ಲಿ ಡೀಸೆಲ್ ಎಸ್‌ಯುವಿ, ಒಳಗೆ ಸೀಟು ಬಾಗಿಸಿ ಮಲಗಿದ ಡ್ರೈವರ್. ಎಬ್ಬಿಸಿದರೆ "ನೆರಳಿತ್ತು ಸಾರ್" ಅನ್ನುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಮನಸ್ಸು ಬರುವುದಿಲ್ಲ.

ಮಂಗಳೂರಿಗೆ ಹೊರಟವನು ಹಾಸನ ದಾಟಿ ಹೆದ್ದಾರಿಯ ಹೋಟೆಲೊಂದರಲ್ಲಿ ನಿಲ್ಲಿಸಿದೆ. ಇದ್ದದ್ದು ಒಂದೇ ಚಾರ್ಜಿಂಗ್ ಗನ್. ಅದು ಇನ್ನೊಬ್ಬರ ಕಾರಿನಲ್ಲಿತ್ತು. ಶೇ. 80 ದಾಟಿದ ಮೇಲೆ ಬ್ಯಾಟರಿ ತನ್ನ ಆರೋಗ್ಯ ನೋಡಿಕೊಂಡು ನಿಧಾನವಾಗುತ್ತದೆ. ಕಡೆಯ 20 ತುಂಬುವ ಹೊತ್ತಿನಲ್ಲಿ ಮತ್ತೊಂದು ಕಾರು ಅರ್ಧ ತುಂಬಿಕೊಂಡು ಹೊರಟೇ ಹೋದೀತು. ಆ ಯಜಮಾನರು "ನೂರಾಗಿಬಿಡಲಿ" ಎಂದು ಇನ್ನೊಂದು ಕಾಫಿ ಹೇಳಿದರು. ಮದುವೆ ಮನೆಯಲ್ಲಿ ಉಣ್ಣುವವರ ಕುರ್ಚಿಯ ಹಿಂದೆ ನಿಂತು, ಮಜ್ಜಿಗೆಗೆ ಬಂದರೋ ಇಲ್ಲವೋ ಎಂದು ಎಲೆ ಇಣುಕುವವರ ಹಾಗೆ ನಾನು ಅವರ ಪರದೆಯ ಅಂಕಿ ಇಣುಕುತ್ತಾ ನಿಂತೆ.

ನನ್ನ ಸರದಿ ಬಂದಾಗ ಯಂತ್ರ ಸತ್ತಿತ್ತು. ಹಾದುಹೋಗುತ್ತಿದ್ದ ಮಗುವೊಂದು ತುರ್ತು ನಿಲುಗಡೆಯ ಕೆಂಪು ಗುಂಡಿ ಕಂಡು ಒತ್ತಿತ್ತು. ಮಕ್ಕಳೆದುರು ಅಷ್ಟು ಚಂದದ ಗುಂಡಿ ಇಟ್ಟರೆ ಆಗುವುದೇ ಹಾಗೆ. ಸಹಾಯವಾಣಿಯಲ್ಲಿ ಕೊಳಲು ಊದುತ್ತಿದ್ದರು. ಕಡೆಗೆ ಬಂದವನು ಹೋಟೆಲಿನ ವಾಚ್‌ಮನ್. ಗುಂಡಿಯನ್ನು ಬಲಕ್ಕೆ ತಿರುಚಿದ, ಅದು ಪಟ್ಟನೆ ಮೇಲೆದ್ದಿತು. ಹಿಂದೆ ಹೋಗಿ ಬ್ರೇಕರ್ ಇಳಿಸಿದ. "ಒಂದು ಬೀಡಿ ಹೊತ್ತು ಬಿಡಿ ಸಾರ್" ಎಂದ. ಏರಿಸಿದ. ದೀಪ ಬಂತು. ಗನ್ ಚುಚ್ಚಿದರೆ ಕೂರುತ್ತಿಲ್ಲ. "ಭಾರಕ್ಕೆ ಜಗ್ತದೆ, ಟಕ್ ಅನ್ನೋವರೆಗೂ ಎತ್ತಿ ಹಿಡ್ಕಳಿ" ಎಂದ. ಟಕ್ ಅಂದಿತು. ನಮ್ಮ ವಿದ್ಯುತ್ ಸಾರಿಗೆ ಕ್ರಾಂತಿಯ ನಿಜವಾದ ಚೀಫ್ ಎಂಜಿನಿಯರ್ ಇವನೇ. ಸಂಬಳ ಮಾತ್ರ ಗೇಟು ಕಾಯುವುದಕ್ಕೆ ಬರುತ್ತದೆ.

ಶಿರಾಡಿ ಘಾಟಿ ಇಳಿಯುವಾಗಿನ ಸುಖವನ್ನು ತಮ್ಮಿಂದ ಬಚ್ಚಿಡಲಾರೆ. ಬ್ರೇಕ್ ಮುಟ್ಟದೆ, ಕಾಲು ಸಡಿಲಿಸಿದರೆ ಸಾಕು, ಕಾರು ತಾನೇ ತಡೆದುಕೊಂಡು ಆ ಬಲವನ್ನು ಬ್ಯಾಟರಿಗೆ ತಿರುಗಿಸುತ್ತದೆ. ಗುಂಡ್ಯದ ಹೊತ್ತಿಗೆ ಚಾರ್ಜು ಇಳಿಯದೆ ಒಂದು ಅಂಕಿ ಏರಿತ್ತು. ಬರುವಾಗ ಘಾಟಿ ಅದನ್ನು ಬಡ್ಡಿ ಸಮೇತ ವಸೂಲು ಮಾಡಿತು ಅನ್ನಿ. ಆದರೂ ನನ್ನ ಕಷ್ಟ ಮಂಗಳೂರಿನವರೆಗಿನ ಆ 350 ಕಿಲೋಮೀಟರಿನದಲ್ಲ. ಮನೆಗೆ ಬಂದು, ಲಿಫ್ಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಚುಚ್ಚಲು ಜಾಗವಿಲ್ಲದೆ ಮತ್ತೆ ಹೊರಗೆ ಗನ್ ಹುಡುಕಿಕೊಂಡು ಹೋಗುವುದಿದೆಯಲ್ಲ, ಅದರದ್ದು.

ಹೊಸ ಕಟ್ಟಡಗಳಲ್ಲಿ ಪಾರ್ಕಿಂಗಿನ ಶೇ. 20ಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕೆಂದು ಕೇಂದ್ರದ ಮಾದರಿ ಬೈಲಾ 2019ರಲ್ಲೇ ಹೇಳಿದೆ. ನಮ್ಮದು ಅದಕ್ಕೂ ಹಿಂದಿನದು, ಹಾಗಾಗಿ ಬಚಾವ್. ಆದರೆ 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿಯಾಗಿ, ವಾಹನ ಚಾರ್ಜಿಂಗಿಗೆಂದೇ ಗ್ರಾಹಕರು ಬೇರೆ ಸಂಪರ್ಕ ಕೇಳಬಹುದು ಎಂದಾಗಿದೆ. ಇದರ ಪ್ರತಿಯನ್ನು ತಮ್ಮ ಮೇಜಿನ ಮೇಲಿಟ್ಟಾಗ ಅಧ್ಯಕ್ಷರು ಅದರ ಮೇಲೆ ಕಾಫಿ ಲೋಟ ಇಟ್ಟು, "ನಮ್ಮ ಸಂಘದ ಬೈಲಾದಲ್ಲಿ ಇಲ್ವಲ್ಲ" ಎಂದರು.

ಆದ್ದರಿಂದ ಕಡೆಯ ಬಿನ್ನಹ. ಮೀಟರ್, ಎಂಸಿಬಿ, ಅರ್ಥಿಂಗ್, ಕೇಬಲ್ ಎಲ್ಲವೂ ನನ್ನ ಖರ್ಚು. ಪ್ಯಾನೆಲ್ ರೂಮಿನ ಬೀಗ ತೆಗೆಸುವುದು ತಮ್ಮ ದಯೆ. ಕೊಡುವುದಾದರೆ ಎನ್‌ಒಸಿ ಕೊಡಿ. ಕೊಡುವುದಿಲ್ಲವಾದರೆ ಅದನ್ನೂ ಕಾರಣ ಸಮೇತ, ಲೆಟರ್‌ಹೆಡ್ಡಿನಲ್ಲಿ, ಸಹಿ ಮೊಹರು ಹಾಕಿ ಕೊಡಿ. ಅದನ್ನು ಹಿಡಿದು ಎಲ್ಲಿಗೆ ಹೋಗಬೇಕೆಂಬುದು ನನಗೆ ಗೊತ್ತು. ತಮಗೂ ಗೊತ್ತಿರುವುದರಿಂದಲೇ ಇದುವರೆಗೆ ಎಲ್ಲವೂ ಬಾಯಿಮಾತಿನಲ್ಲೇ ನಡೆದಿದೆ.

ಇಂತಿ ತಮ್ಮ ವಿಧೇಯ,
ಮೇಂಟೆನೆನ್ಸ್ ಬಾಕಿ ಇಟ್ಟುಕೊಳ್ಳದ ನಿವಾಸಿ

ವಿ.ಸೂ.: ನಾಲ್ಕನೇ ಮಹಡಿಯ ಬಾಲ್ಕನಿಯಿಂದ ರಾತ್ರಿ ಹೊತ್ತು ಬೇಸ್‌ಮೆಂಟಿಗೆ ಇಳಿಬಿಟ್ಟ ಕೇಬಲ್ ನನ್ನದಲ್ಲ. ಅದು ಕಳೆದ ತಿಂಗಳು ಎಲೆಕ್ಟ್ರಿಕ್ ಸ್ಕೂಟರ್ ಕೊಂಡ ಖಜಾಂಚಿಗಳ ಮಗನದು. ಮಳೆಗಾಲಕ್ಕೆ ಮುಂಚೆ ಅವನಿಗಾದರೂ ಒಂದು ಸಾಕೆಟ್ ಕೊಡಿ.